ಬೀಗ ಒಡೆಯದ ಕಳವು

ಬಯಾನ್ ಲೆಪಾಸ್, ಪಿನಾಂಗ್, ಮಲೇಶಿಯಾ
೧೮ ಆಗಸ್ಟ್ ೨೦೨೦, ಮಂಗಳವಾರ

ಪ್ರೀತಿಯ ನಿತ್ಯಾನಂದರಿಗೆ,

ಹೆಸರು ಬರೆದದ್ದಕ್ಕೆ ನಗಬೇಡಿ. ಎದುರಿಗಿದ್ದರೆ ‘ಓಯ್, ಕೇಳಿತಾ’ ಎಂದರೆ ಮುಗಿಯುತ್ತಿತ್ತು. ಕಾಗದಕ್ಕೆ ಅದು ಸಾಲದು. ಹೇಗಿದ್ದೀರಿ? ಹೋದ ವಾರ ಫೋನಿನಲ್ಲಿ ಕೆಮ್ಮುತ್ತಿದ್ದಿರಿ. ಕೇಳಿದರೆ ‘ಮಲ್ಪೆಯ ಗಾಳಿ’ ಎಂದಿರಿ. ಮಲ್ಪೆಯ ಗಾಳಿಯಲ್ಲೇ ಹುಟ್ಟಿ ಬೆಳೆದವರಿಗೆ ಅದು ಈಗ ಹೊಸದಾಗಿ ಹಿಡಿಯುತ್ತದೆಯೇ? ಜ್ವರ ಇದ್ದರೆ ಮುಚ್ಚಿಡಬೇಡಿ, ಮಣಿಪಾಲ ದೂರವಿಲ್ಲ. ನೀವು ಮಾರ್ಚಿನಲ್ಲಿ ಊರಿಗೆ ಹೋಗಿ ಸಿಕ್ಕಿಹಾಕಿಕೊಂಡದ್ದೇ ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು. ಆಪರೇಷನ್ ಆದ ಮೇಲೆ ಬೆಳಕು ಚುಚ್ಚುತ್ತದೆ ಎನ್ನುತ್ತಿದ್ದರಲ್ಲ, ಈಗ ವಾಸಿಯೇ? ಪುಟ್ಟಣ್ಣ ಭಾವನ ಬೋಟು ಈ ತಿಂಗಳು ಕಡಲಿಗಿಳಿಯಿತೇ? ಇಳಿದಿರಬೇಕು. ಮೊನ್ನೆ ನೀವು ‘ಮೀಟಿಂಗ್‌ನಲ್ಲಿದ್ದೇನೆ, ಆಮೇಲೆ ಮಾತಾಡುವ’ ಎಂದಾಗ ಹಿಂದಿನಿಂದ ಮೀನು ಹರಾಜು ಕೂಗುವ ಸ್ವರ ಚೆನ್ನಾಗಿ ಕೇಳುತ್ತಿತ್ತು. ನಾನೂ ಅಕ್ಷಯಾಳೂ ಆರೋಗ್ಯದಿಂದಿದ್ದೇವೆ. ಅವಳ ಶಾಲೆ ತೆರೆದಿದೆ. ಮಾಸ್ಕ್ ಹಾಕಿಕೊಂಡು ಹೋಗಿ ಮಾಸ್ಕ್ ಕಳೆದುಕೊಂಡು ಬರುತ್ತಾಳೆ. ನಾನು ಈಗಲೂ ಅರ್ಧ ಪಾಠ ಕಂಪ್ಯೂಟರಿನಲ್ಲಿ, ಅರ್ಧ ಕಾಲೇಜಿನಲ್ಲಿ ಮಾಡುತ್ತಿದ್ದೇನೆ. ಅಂಗರಚನಾಶಾಸ್ತ್ರವನ್ನು ಚಿತ್ರ ತೋರಿಸಿ ಕಲಿಸುವುದೆಂದರೆ ಊಟವನ್ನು ಬಾಯಲ್ಲಿ ಹೇಳಿ ಬಡಿಸಿದ ಹಾಗೆ.

ಫೋನು ಇರುವಾಗ ಕಾಗದ ಯಾಕೆ ಎಂದು ನಿಮಗೆ ಅನ್ನಿಸಿರುತ್ತದೆ. ನಿಮ್ಮ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನೊಂದು ಮಾತಾಡಿದರೆ ಅತ್ತೆ ಕೇಳುತ್ತಾರೆ, ಭಾವ ಕೇಳುತ್ತಾರೆ, ಪಕ್ಕದ ಮನೆಯ ವೇದವತಿ ಅಕ್ಕನೂ ಕೇಳಿ ಉತ್ತರ ಕೊಡುತ್ತಾರೆ. ಸ್ಪೀಕರ್ ತೆಗೆದು ಜಗಲಿಗೆ ಬಂದಿರಾದರೆ ಕರೆ ಕಟ್ ಆಗುತ್ತದೆ. ಕಾಗದ ಕಟ್ ಆಗುವುದಿಲ್ಲ. ನಮ್ಮ ಕಾಲೇಜಿನ ಯಜ್ಞನಾರಾಯಣ ಮಾಸ್ಟ್ರು ನಿವೃತ್ತಿಯಾಗಿ, ಸಿಕ್ಕಿಬಿದ್ದವರನ್ನು ಊರಿಗೆ ಒಯ್ಯುವ ವಂದೇ ಭಾರತ್ ವಿಮಾನದಲ್ಲಿ ಉಡುಪಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಅವರ ಕ್ವಾರಂಟೈನ್ ಮುಗಿದು ಇದು ನಿಮಗೆ ಸಿಗುವಾಗ ಚೌತಿ ಕಳೆದಿರುತ್ತದೆ. ಒಬ್ಬರೇ ಕೂತು ಓದಿ, ಮಧ್ಯದಲ್ಲಿ ಮಡಚಿ ಇಡಬೇಡಿ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಯಾವುದು ನಿಮಗೆ ಗೊತ್ತು, ಯಾವುದು ಗೊತ್ತಿಲ್ಲ ಎನ್ನುವುದು ಈಗ ನನಗೇ ತಿಳಿಯದಂತಾಗಿದೆ.

ವಿಷಯ ದೋಣಿಯದ್ದು. ಜುಲೈ ಮೊದಲಲ್ಲಿ ಒಂದು ಭಾನುವಾರ ಅಕ್ಷಯಾ ‘ಪಪ್ಪನ ಬೋಟ್ ನೋಡಬೇಕು’ ಎಂದು ಹಟ ಹಿಡಿದಳು. ಲಾಕ್‌ಡೌನ್ ಸಡಿಲವಾದ ಮೇಲೂ ನಾವು ಮಾರ್ಕೆಟ್ಟು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಬಾತು ಮಾವುಂಗ್‌ನ ಆ ಸಣ್ಣ ಜೆಟ್ಟಿಗೆ, ನೀವು ದಕ್ಕೆ ಎಂದೇ ಕರೆಯುವ ಜಾಗಕ್ಕೆ, ಕಾರು ತೆಗೆದುಕೊಂಡು ಹೋದೆವು. ದ್ವೀಪವನ್ನು ಆಚೆ ದಡಕ್ಕೆ ಸೇರಿಸುವ ಎರಡನೆಯ ಸೇತುವೆ ಖಾಲಿಯಾಗಿ ಕಡಲಿನ ಮೇಲೆ ಮಲಗಿತ್ತು. ದೋಣಿ ಕಟ್ಟಿದ ಜಾಗದಲ್ಲೇ ಇತ್ತು, ಹೊದಿಕೆಯೂ ಇತ್ತು. ಆದರೆ ಹೊದಿಕೆ ಹಿಂಭಾಗದಲ್ಲಿ ಕುಸಿದಿತ್ತು. ಅಕ್ಷಯಾಳೇ ಮೊದಲು ಎತ್ತಿ ನೋಡಿದ್ದು. ‘ಅಮ್ಮಾ, ದಿ ಎಂಜಿನ್ ಈಸ್ ಗಾನ್ ಲಾ’ ಎಂದಳು, ಇಲ್ಲಿಯವರ ಧಾಟಿಯಲ್ಲಿ. ಮಗು ತಮಾಷೆ ಮಾಡುತ್ತಿದೆ ಎಂದುಕೊಂಡೆ. ಎಂಜಿನ್ ಕೂರಿಸುತ್ತಿದ್ದ ಹಲಗೆ ಬರಿದಾಗಿತ್ತು. ಮೀನು ಹುಡುಕುವ ಆ ಸಣ್ಣ ಟಿವಿಯಂಥದ್ದೂ ಇರಲಿಲ್ಲ, ಪೆಟ್ರೋಲ್ ಟ್ಯಾಂಕೂ ಇರಲಿಲ್ಲ. ಎಂಜಿನ್ನಿಗೆ ಹಾಕುತ್ತಿದ್ದ ಕಬ್ಬಿಣದ ಬೀಗ ಮಾತ್ರ ದೋಣಿಯೊಳಗೆ ಬಿದ್ದಿತ್ತು. ಅದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದೆ. ಒಡೆದಿರಲಿಲ್ಲ, ಗರಗಸದ ಗುರುತಿರಲಿಲ್ಲ, ಒಂದು ಗೀರೂ ಇರಲಿಲ್ಲ. ಯಾರೋ ಬೀಗದ ಕೈ ಹಾಕಿ ನೆಮ್ಮದಿಯಿಂದ ತೆಗೆದು ಬಿಸಾಡಿ ಹೋಗಿದ್ದರು. ಅಲ್ಲಿಂದಲೇ ನನ್ನ ತಲೆಗೆ ಹುಳ ಹೊಕ್ಕಿತು. ಕಳ್ಳನಿಗೆ ಬೀಗದ ಕೈ ಎಲ್ಲಿಂದ ಬಂತು?

ಅಲ್ಲೇ ನಿಂತು ನಿಮಗೆ ಫೋನ್ ಮಾಡಿದೆ, ನೆನಪಿದೆಯೇ? ಆ ಎಂಜಿನ್ ತಂದ ದಿನ ನೀವು ಅದನ್ನು ಮನೆಯೊಳಗೆ ತಂದು, ನನ್ನ ಹೊಸ ಚಾಪೆಯ ಮೇಲೆ ನಿಲ್ಲಿಸಿ, ಮಲ್ಪೆಯ ಬೋಟುಗಳಿಗೆ ಮಾಡುವ ಹಾಗೆ ಅದರ ಪ್ಲಾಸ್ಟಿಕ್ ಮುಸುಕಿನ ಮೇಲೆ ‘ಶ್ರೀ ಮಹಾಲಕ್ಷ್ಮೀ’ ಎಂದು ಕನ್ನಡದಲ್ಲಿ ಸ್ಟಿಕ್ಕರ್ ಅಂಟಿಸಿ ಕುಂಕುಮ ಇಟ್ಟವರು. ಮಳೆ ಬಂದರೆ ‘ಎಂಜಿನ್ ನೆನೆಯುತ್ತದೆ’ ಎಂದು ಪಾಠ ಬಿಟ್ಟು ಓಡಿದ ಮಕ್ಕಳ ಹಾಗೆ ಫ್ಯಾಕ್ಟರಿಯಿಂದ ಓಡಿ ಬರುತ್ತಿದ್ದಿರಿ. ಅಂಥವರಿಗೆ ಸುದ್ದಿ ಹೇಗೆ ಹೇಳಲಿ ಎಂದು ನಾನು ಒದ್ದಾಡಿದರೆ ನೀವು ‘ಹೋಗ್ಲಿ ಬಿಡು ಮಾರಾಯ್ತಿ. ಜೀವ ಉಳಿದರೆ ಸಾಕು ಈ ಕಾಲದಲ್ಲಿ’ ಎಂದಿರಿ. ನಾನು ಕೇಳಿದೆ: ಒಂದು ಬೀಗದ ಕೈ ಮನೆಯಲ್ಲಿದೆ, ಇನ್ನೊಂದು ನಿಮ್ಮ ಹತ್ತಿರ ಉಂಟಲ್ಲ? ‘ಉಂಟು’ ಎಂದಿರಿ. ‘ಪೊಲೀಸು ಗಿಲೀಸು ಬೇಡ, ಹೊರದೇಶ’ ಎಂದೂ ಸೇರಿಸಿದಿರಿ. ಅಷ್ಟು ದೂರದಲ್ಲಿ ಸಿಕ್ಕಿಹಾಕಿಕೊಂಡು ಮನಸ್ಸು ಗಟ್ಟಿ ಮಾಡಿಕೊಂಡಿದ್ದಾರೆ, ಪಾಪ ಎಂದುಕೊಂಡೆ. ಆದರೂ ಆ ‘ಹೋಗ್ಲಿ ಬಿಡು’ ಹಲ್ಲಿನ ಸಂದಿಯ ಮೀನುಮುಳ್ಳಿನ ಹಾಗೆ ಕೂತಿತು.

ಜೆಟ್ಟಿಯಲ್ಲಿ ದೋಣಿಗಳನ್ನು ಕಾಯುವವನು ಮುನಿಯಾಂಡಿ, ಇಲ್ಲಿಯ ತಮಿಳಿನವನು. ಕೇಳಿದರೆ ಅವನು ಆಶ್ಚರ್ಯದಿಂದ ನನ್ನನ್ನೇ ನೋಡಿದ. ‘ಸಂಜಯ್ ಸಾರ್‌ದಾನ್ ಎಡುತ್ತುಟ್ಟು ಪೋನಾರ್, ಅಮ್ಮಾ’ ಎಂದ. ಸಂಜಯ್ ಸಾರೇ ಹಗಲು ಹೊತ್ತಿನಲ್ಲಿ ಬಂದು, ಬೀಗ ತೆಗೆದು, ಕಾರಿನ ಹಿಂದಿನ ಸೀಟು ಮಡಚಿ ಹಾಕಿಕೊಂಡು ಹೋದರು, ಎತ್ತಲು ತಾನೂ ಕೈಜೋಡಿಸಿದೆ, ರಿಪೇರಿಗೆ ಎಂದರು, ಇಷ್ಟು ಅವನ ಮಾತು. ಸಂಜಯ್ ಎಂದರೆ ನಿಮ್ಮ ಜೊತೆ ಒಂದೇ ಫ್ಯಾಕ್ಟರಿಯಲ್ಲಿ ಒಂದೇ ವಿಭಾಗದಲ್ಲಿ ಇರುವವನು, ನಮ್ಮದೇ ಕಟ್ಟಡದ ಮೇಲಿನ ಅಂತಸ್ತಿನವನು, ‘ಅತ್ತಿಗೆ ಅತ್ತಿಗೆ’ ಎಂದು ಬಾಯಿ ತುಂಬ ಕರೆಯುವ ಮೈಸೂರಿನ ಹುಡುಗ. ಲಾಕ್‌ಡೌನ್ ಪೂರ್ತಿ ನಮಗೆ ಅಕ್ಕಿ, ಹಾಲು ತಂದುಕೊಟ್ಟವನು. ಅವನ ಹೆಂಡತಿ ಸುಗಂಧಿ ಅಕ್ಷಯಾಳನ್ನು ಸ್ವಂತ ತಂಗಿಯ ಹಾಗೆ ನೋಡಿಕೊಳ್ಳುತ್ತಾಳೆ. ಮನೆಗೆ ಬಂದವಳೇ ಅವನನ್ನು ಕೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು, ‘ನಾನ್ಯಾಕೆ ತೆಗೀಲಿ ಅತ್ತಿಗೆ? ನಂಗೇನ್ ದೋಣಿ ಓಡ್ಸಕ್ಕೆ ಬರುತ್ತಾ? ಅವ್ನೇ ಏನೋ ಮಾಡ್ಕೊಂಡು ನನ್ ಹೆಸ್ರು ಹೇಳ್ತಿದಾನೆ’ ಎಂದ.

ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದ. ನಾನು ಯಾರನ್ನು ನಂಬಿದೆ ಎಂದು ನೀವೇ ಊಹಿಸಬಹುದು. ಒಬ್ಬ ನಮ್ಮ ಭಾಷೆಯವನು, ನಮ್ಮ ಹಬ್ಬದೂಟಕ್ಕೆ ಕೂರುವವನು. ಇನ್ನೊಬ್ಬ ರಬ್ಬರ್ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಜೆಟ್ಟಿಯಲ್ಲಿ ಬೀಡಿ ಸೇದುತ್ತಾ ಕೂರುವವನು. ಅದರ ಮೇಲೆ ನನಗೆ ಒಂದೊಂದೇ ನೆನಪಾಗತೊಡಗಿತು. ಏಪ್ರಿಲಿನಲ್ಲಿ ದೋಣಿಯಲ್ಲಿ ಮಳೆನೀರು ತುಂಬಿದೆ, ಎಂಜಿನ್ ಎತ್ತಿ ಕಟ್ಟಬೇಕು ಎಂದು ಅವನು ನಮ್ಮ ಗೇಟಿನವರೆಗೆ ಬಂದು ಬೀಗದ ಕೈ ಕೇಳಿ ಒಯ್ದಿದ್ದ, ಮರುದಿನ ತಂದು ಕೊಟ್ಟಿದ್ದ. ಒಂದು ರಾತ್ರಿ ಸಾಕಲ್ಲ ಇನ್ನೊಂದು ಮಾಡಿಸಲು? ಅವನ ಮಗಳ ಕೈಯಲ್ಲಿ ಹೊಸ ಫೋನು ಕಂಡಿದ್ದೆ. ಜೆಟ್ಟಿಯ ಕೆಲಸದಲ್ಲಿ ಅದು ಹೇಗೆ ಬಂತು? ಸಂಶಯ ಎನ್ನುವುದು ತಲೆಹೇನಿನ ಹಾಗೆ, ಒಂದು ಕಂಡರೆ ಆಮೇಲೆ ಕೂದಲೆಲ್ಲ ತುರಿಸುತ್ತದೆ. ಆ ವಾರ ನಾನು ಎಲ್ಲರನ್ನೂ ಸಂಶಯದಿಂದ ನೋಡಿದೆ. ಮಾಮಕ್ ಹೋಟೆಲಿನಲ್ಲಿ ರೊಟ್ಟಿ ತಪಾವ್ ಎಂದು ಹೇಳಿ ಕಟ್ಟಿಸಿಕೊಳ್ಳಲು ನಿಂತಾಗ ಪಕ್ಕದವರು ಬೋಟಿನ ಸುದ್ದಿ ಆಡಿದರೆ ಕಿವಿ ನಿಮಿರುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕಿದ ಪ್ಲಂಬರನ ಚೀಲ ಭಾರವಾಗಿದೆಯಲ್ಲ ಎಂದು ದುರುಗುಟ್ಟಿದೆ. ಎಲ್ಲರೂ ಮಾಸ್ಕ್ ಹಾಕಿದ್ದರಿಂದ ಎಲ್ಲರ ಕಣ್ಣುಗಳೂ ಕಳ್ಳರ ಕಣ್ಣುಗಳೇ ಆಗಿ ಕಂಡವು.

ನೀವು ಬೇಡ ಎಂದರೂ ಠಾಣೆಗೆ ಹೋದೆ. ಬಾಗಿಲಲ್ಲಿ ಜ್ವರ ನೋಡಿ ಒಳಗೆ ಬಿಟ್ಟರು. ಸಾರ್ಜೆಂಟ್ ರೊಹಾನಾ ಎಂಬ ಹೆಂಗಸು ದೂರು ಬರೆದುಕೊಂಡರು. ಒಳ್ಳೆಯವರು, ಆದರೆ ಮಾತಿನಲ್ಲಿ ಮುಲಾಜಿಲ್ಲ. ‘ಯಾರ ಮೇಲೆ ಸಂಶಯ, ಪುವಾನ್?’ ಎಂದು, ಮೇಡಂ ಎನ್ನುವ ಬದಲು ಮಲಯದ ಪುವಾನ್ ಸೇರಿಸಿ, ಕೇಳಿದರು. ನಾನು ಮುನಿಯಾಂಡಿಯ ಹೆಸರು ಹೇಳಿದೆ. ಅದನ್ನು ಹೇಳುವಾಗ ನನ್ನ ಸ್ವರ ತಗ್ಗಲೂ ಇಲ್ಲ. ಅವರು ಅವನನ್ನು ಕರೆದುಕೊಂಡು ಹೋಗಿ ಮರುದಿನ ಸಂಜೆಯವರೆಗೆ ಇಟ್ಟುಕೊಂಡರು. ಅವನು ಅಲ್ಲಿಯೂ ಅದನ್ನೇ ಹೇಳಿದನಂತೆ, ಸಂಜಯ್ ಸಾರ್ ತೆಗೆದುಕೊಂಡು ಹೋದರು ಎಂದು. ಸಂಜಯ್‌ನನ್ನೂ ಕರೆಸಿದರು. ಅವನು ಇಲ್ಲ ಎಂದ. ಸಾಕ್ಷಿ ಇಲ್ಲದೆ ಮುನಿಯಾಂಡಿಯನ್ನು ಬಿಟ್ಟರು. ಆದರೆ ಜೆಟ್ಟಿಯ ದೋಣಿಯವರು ಬಿಡಲಿಲ್ಲ. ಇನ್ನು ಕಾಯಲು ಬರಬೇಡ ಎಂದುಬಿಟ್ಟರು. ಆ ದಿನವೂ ನಿಮಗೆ ಫೋನ್ ಮಾಡಿ ಹೇಳಿದ್ದೆ. ‘ಮುನಿಯಾಂಡಿಯನ್ನು ಪೊಲೀಸರು ಒಯ್ದರು, ಕೆಲಸವೂ ಹೋಯಿತು, ಅವನೇ ಇರಬೇಕು’ ಎಂದೆ. ಅಲೆಯ ಸದ್ದು ಕೇಳುತ್ತಿತ್ತು, ನಿಮ್ಮ ಉಸಿರೂ ಕೇಳುತ್ತಿತ್ತು. ಆಮೇಲೆ ಕರೆ ಕಟ್ಟಾಯಿತು. ‘ನೆಟ್‌ವರ್ಕ್ ಇಲ್ಲ’ ಎಂದು ಮೆಸೇಜು ಬಂತು. ನೆಟ್‌ವರ್ಕ್ ಇಲ್ಲದೆ ಮೆಸೇಜು ಹೇಗೆ ಬಂತು ಎಂದು ಆಗ ನನಗೆ ಹೊಳೆಯಲಿಲ್ಲ.

ಎಂಜಿನ್ ಸಿಕ್ಕಿದ್ದು ಅಕ್ಷಯಾಳಿಂದ. ನಾನು ಹಳೆ ಸಾಮಾನು ಮಾರುವ ಪುಟಗಳನ್ನು ಫೋನಿನಲ್ಲಿ ತಿರುವುತ್ತಲೇ ಇದ್ದೆ. ಎಂಜಿನ್ನುಗಳೆಲ್ಲ ನನಗೆ ಒಂದೇ ಥರ. ಅವಳು ನನ್ನ ಭುಜದ ಮೇಲಿಂದ ಇಣುಕಿ ‘ಸ್ಟಾಪ್, ಸ್ಟಾಪ್! ದಿಸ್ ಈಸ್ ಮೈ ಲೆಟರ್’ ಎಂದು ಕೂಗಿದಳು. ಯಾರೋ ಸ್ಟಿಕ್ಕರ್ ಕೆರೆದು ತೆಗೆದಿದ್ದರು. ಆದರೆ ಅಷ್ಟು ದಿನ ಬಿಸಿಲು ಕುಡಿದ ಮುಸುಕಿನಲ್ಲಿ ಅಕ್ಷರ ಇದ್ದ ಜಾಗ ಮಾತ್ರ ಕಪ್ಪಾಗಿ ಉಳಿದಿತ್ತು. ಪೂರ್ತಿ ಇರಲಿಲ್ಲ, ‘ಕ್ಷ್ಮೀ’ ಎಂಬಷ್ಟು ಕಾಣುತ್ತಿತ್ತು. ನಮ್ಮ ಮಗಳಿಗೆ ಕನ್ನಡದಲ್ಲಿ ಅವಳ ಹೆಸರಿನ ಅಕ್ಷರಗಳು ಬಿಟ್ಟು ಬೇರೆ ಬರುವುದಿಲ್ಲ. ಆ ಕ್ಷ ಅವಳ ಕಣ್ಣಿಗೆ ಬಿತ್ತು. ಮಲೇಶಿಯಾದಲ್ಲಿ ಕನ್ನಡ ಅಕ್ಷರ ಹೊತ್ತ ಇನ್ನೊಂದು ಎಂಜಿನ್ ಇರಲಾರದು.

ಮಾರುವವನ ವಿಳಾಸ ಸೇತುವೆಯಾಚೆ, ನಿಬೊಂಗ್ ತೆಬಾಲ್‌ನ ಒಂದು ವರ್ಕ್‌ಶಾಪು. ನಾನೊಬ್ಬಳೇ ಹೋಗುವ ಧೈರ್ಯ ಮಾಡಲಿಲ್ಲ. ಸಾರ್ಜೆಂಟ್ ರೊಹಾನಾರಿಗೆ ತೋರಿಸಿದೆ. ಅವರು ಆ ಕಡೆಯ ಠಾಣೆಗೆ ಹೇಳಿ ತಾವೂ ಬಂದರು. ಅಕ್ಷಯಾಳನ್ನು ಸುಗಂಧಿಯ ಹತ್ತಿರ ಬಿಟ್ಟು ಹೋದೆ. ಎಲ್ಲಿಗೆ ಹೋಗುತ್ತೇನೆಂದು ಸುಗಂಧಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ಆಗ ನನಗೂ ಗೊತ್ತಿರಲಿಲ್ಲ. ವರ್ಕ್‌ಶಾಪಿನ ಯಜಮಾನ ಲಿಮ್ ಎಂಬ ಚೀನೀ ಮುದುಕ. ಎಂಜಿನ್ ಬಾಗಿಲಲ್ಲೇ ಸ್ಟ್ಯಾಂಡಿಗೆ ಹಾಕಿ ನಿಲ್ಲಿಸಿದ್ದ. ಪಕ್ಕದಲ್ಲಿ ನಿಮ್ಮ ಮೀನಿನ ಟಿವಿ, ಪೆಟ್ರೋಲ್ ಟ್ಯಾಂಕು. ಮುಸುಕಿನ ಮೇಲೆ ಕೈಯಾಡಿಸಿದೆ. ಅಳು ಬಂತು. ‘ಇದು ಕದ್ದ ಮಾಲು’ ಎಂದು ಸಾರ್ಜೆಂಟ್ ಹೇಳಿದರೆ ಮುದುಕ ಹೆದರಲಿಲ್ಲ, ರೇಗಿದ. ‘ಐ ಬೈ ಪ್ರಾಪರ್ ಲಾ, ಪುವಾನ್! ಗಾಟ್ ಬಿಲ್, ಗಾಟ್ ಎಂಜಿನ್ ಕೀ. ತೀಫ್ ವೇರ್ ಗಾಟ್ ಬಿಲ್?’ ಎಂದು ಒಳಗಿನಿಂದ ಅಂಗಡಿಯ ಬಿಲ್ ತಂದು ಮೇಜಿಗೆ ಬಡಿದ. ನಿಮ್ಮ ಹೆಸರಿನ ಬಿಲ್. ನಿಮ್ಮ ಆಫೀಸಿನ ಡ್ರಾಯರಿನಲ್ಲಿರುತ್ತಿದ್ದದ್ದು. ಕೊಟ್ಟವರು ಯಾರು ಎಂದರೆ, ಕನ್ನಡಕದ ಇಂಡಿಯನ್, ನೀಲಿ ಕಾರು, ತುಂಬ ಮರ್ಯಾದಸ್ಥ ಎಂದ. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, ಸ್ವರ ತಗ್ಗಿಸಿ ಹೇಳಿದ: ‘ಹೀ ಸೇ ಸೆಲ್ಲಿಂಗ್ ಫಾರ್ ಫ್ರೆಂಡ್. ಫ್ರೆಂಡ್ ಸ್ಟಕ್ ಇನ್ ಇಂಡಿಯಾ. ನೋ ಜಾಬ್ ಓರೆಡಿ.’

ನಿಮ್ಮ ಕೆಲಸ ಹೋಗಿರುವ ಸುದ್ದಿಯನ್ನು ನಾನು ಕೇಳಿದ್ದು ಹೀಗೆ. ನಿಬೊಂಗ್ ತೆಬಾಲ್‌ನಲ್ಲಿ, ಎಣ್ಣೆ ಚೆಲ್ಲಿದ ನೆಲದ ಮೇಲೆ ನಿಂತು, ಒಬ್ಬ ಪೊಲೀಸಿನವಳ ಎದುರು, ಹಿಂದೆಂದೂ ಕಂಡರಿಯದ ಮುದುಕನ ಬಾಯಿಂದ. ಸಾರ್ಜೆಂಟ್ ನನ್ನನ್ನು ನೋಡಿದರು. ‘ಯುವರ್ ಹಸ್ಬೆಂಡ್?’ ಎಂದರು. ನಾನು ತಲೆಯಾಡಿಸಿದೆ. ಅವರು ಮತ್ತೇನೂ ಕೇಳದೆ ಎಂಜಿನ್ನನ್ನು ಗಾಡಿಗೆ ಹಾಕಿಸಿ ಠಾಣೆಗೆ ತಂದಿಟ್ಟುಕೊಂಡರು, ಇತ್ಯರ್ಥವಾಗುವವರೆಗೆ. ಬರುವಾಗ ಸೇತುವೆಯ ಮೇಲೆ ನಾನು ಮೇ ತಿಂಗಳಿಂದ ಒಂದೊಂದನ್ನೇ ಹಿಂದಕ್ಕೆ ತಿರುಗಿಸಿ ನೋಡಿದೆ. ಶರ್ಟು ಹಾಕಿಕೊಂಡು ವಿಡಿಯೊ ಕರೆಗೆ ಕೂರುತ್ತಿದ್ದ ನೀವು. ಹರಾಜಿನ ಕೂಗಿನ ಮಧ್ಯದ ನಿಮ್ಮ ಮೀಟಿಂಗು. ಅಲ್ಲಿಯವರೆಗೆ ಊರವರನ್ನೆಲ್ಲ ಸಂಶಯದಿಂದ ನೋಡಿದ್ದೆ, ನಿಮ್ಮೊಬ್ಬರನ್ನು ಬಿಟ್ಟು.

ನೇರ ಮೇಲಿನ ಅಂತಸ್ತಿಗೆ ಹೋದೆ. ಸುಗಂಧಿ ಅಕ್ಷಯಾಳ ತಲೆ ಬಾಚುತ್ತಿದ್ದಳು. ಸಂಜಯ್ ಕಂಪ್ಯೂಟರಿನ ಎದುರಿಗಿದ್ದ. ‘ಎಂಜಿನ್ ಸಿಕ್ಕಿತು’ ಎಂದೆ, ಅಷ್ಟೇ. ಅವನು ಎದ್ದು ನಿಂತ, ಮತ್ತೆ ಕೂತ. ‘ಅತ್ತಿಗೆ, ನಿತ್ಯಣ್ಣನೇ ಹೇಳಿದ್ದು. ಬೀಗದ ಕೈ ಹೋಗೋವಾಗ್ಲೇ ನಂಗೆ ಕೊಟ್ಟಿದ್ರು, ವಾರಕ್ಕೊಂದ್ಸಲ ಎಂಜಿನ್ ಸ್ಟಾರ್ಟ್ ಮಾಡು ಅಂತ. ಮೇ ಕೊನೇಲಿ ಅವರ ಕಾಂಟ್ರಾಕ್ಟ್ ಮುಗಿಸಿದ್ರು. ಅತ್ತಿಗೆಗೆ ಹೇಳ್ಬೇಡ, ಒಂದೆರಡ್ ತಿಂಗ್ಳಲ್ಲಿ ಬೇರೆ ಕೆಲ್ಸ ಸಿಗುತ್ತೆ, ಅಲ್ಲೀವರೆಗೆ ಸಂಬಳ ಬರ್ತಿರೋ ಹಾಗೇ ಕಾಣ್ಬೇಕು ಅಂದ್ರು. ಅದಕ್ಕೇ ಮಾರಿ ದುಡ್ಡು ನಿಮ್ ಜಂಟಿ ಖಾತೆಗೆ ಹಾಕ್ದೆ. ನಂದೂ ಸೇರ್ಸಿ ಹಾಕ್ದೆ’ ಎಂದ. ಜೂನ್ ಕೊನೆಯಲ್ಲಿ ಬಂದ ಸಂಬಳ ನಿಮ್ಮ ಎಂಜಿನ್ನೇ ಎಂದು ಆಗ ತಿಳಿಯಿತು. ‘ಮುನಿಯಾಂಡಿ?’ ಎಂದೆ. ಸಂಜಯ್ ತಲೆ ತಗ್ಗಿಸಿದ. ಸುಗಂಧಿಯ ಕೈಯಲ್ಲಿ ಬಾಚಣಿಗೆ ನಿಂತುಬಿಟ್ಟಿತ್ತು, ಅವಳಿಗೂ ಗೊತ್ತಿರಲಿಲ್ಲ. ‘ಪೊಲೀಸ್ ಅಂದ್ಮೇಲೆ ಹೆದರಿಕೆ ಆಯ್ತು. ನಿತ್ಯಣ್ಣಂಗೆ ಫೋನ್ ಮಾಡ್ದೆ. ಸ್ವಲ್ಪ ದಿನ ಸುಮ್ನಿರು, ಸಾಕ್ಷಿ ಇಲ್ಲ, ಬಿಟ್ಬಿಡ್ತಾರೆ ಅಂದ್ರು’ ಎಂದ. ಸುಗಂಧಿ ‘ಥೂ’ ಎಂದಳು. ಅದು ಅವನಿಗೋ ನಿಮಗೋ, ನಾನು ಕೇಳಲಿಲ್ಲ.

ಕೆಲಸ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಈ ವರ್ಷ ಯಾರ ಕೆಲಸ ಉಳಿದಿದೆ? ಎಂಜಿನ್ ನಿಮ್ಮದು, ನಿಮ್ಮ ಬೆವರಿನದು, ಮಾರಿದಿರಿ. ಅದನ್ನು ಮಾರುವಾಗ ನಿಮಗೆ ಎಷ್ಟು ನೋವಾಗಿರಬಹುದು ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು. ನನಗೆ ಹೇಳದೆ ಇದ್ದದ್ದೂ ನಾಚಿಕೆಯಿಂದ ಎಂದು ಅರ್ಥ ಮಾಡಿಕೊಳ್ಳಬಲ್ಲೆ. ನನ್ನ ಸಂಬಳದಲ್ಲಿ ಮನೆ ನಡೆಯುತ್ತದೆ ಎನ್ನುವುದು ನಿಮ್ಮ ಗಂಟಲಲ್ಲಿ ಇಳಿಯುವುದಿಲ್ಲ, ಗೊತ್ತು. ಆದರೆ ಅಕ್ಷಯಾ ಈ ದೇಶದಲ್ಲಿರಲು ಬೇಕಾದ ಪಾಸು ನಿಮ್ಮ ಕೆಲಸಕ್ಕೆ ಅಂಟಿಕೊಂಡಿತ್ತು ಎಂದು ಒಮ್ಮೆಯೂ ನೆನಪಾಗಲಿಲ್ಲವೇ? ಮಗು ಎರಡೂವರೆ ತಿಂಗಳು ಈ ದೇಶದಲ್ಲಿ ನೆಲೆಯಿಲ್ಲದೆ ಇದ್ದಳು, ನಾನು ಏನೂ ಅರಿಯದೆ ಅವಳನ್ನು ಪೊಲೀಸರ ಮುಂದಿನಿಂದ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುತ್ತಿದ್ದೆ. ಈಗ ಓಡಾಡಿ ಅವಳ ಹೆಸರನ್ನು ನನ್ನ ಪಾಸಿಗೆ ಸೇರಿಸುವ ಕೆಲಸ ಶುರುವಾಗಿದೆ. ಕೊರೊನಾದಿಂದಾಗಿ ಇಮಿಗ್ರೇಷನ್‌ನವರು ತಡವನ್ನು ಕ್ಷಮಿಸುತ್ತಿದ್ದಾರೆ, ಪುಣ್ಯ.

ಮರುದಿನ ಸಂಜಯ್‌ನನ್ನು ಕರೆದುಕೊಂಡು ಠಾಣೆಗೆ ಹೋಗಿ ಇದು ಕಳವಲ್ಲ ಎಂದು ಬರೆದುಕೊಟ್ಟೆ. ಸಾರ್ಜೆಂಟ್ ನಮ್ಮಿಬ್ಬರನ್ನೂ ನಿಲ್ಲಿಸಿ ಬೈದರು. ಮೊದಲು ಸುಳ್ಳು ಹೇಳಿದ್ದಕ್ಕೆ ಸಂಜಯ್ ಮೇಲೆ ಕೇಸು ಹಾಕಬಹುದು ಎಂದು ಹೆದರಿಸಿ, ಮೇಲಿನವರನ್ನು ಕೇಳಿ, ಎಚ್ಚರಿಕೆ ಕೊಟ್ಟು ಬಿಟ್ಟರು. ನನಗೆ ಹೇಳಿದ್ದು ಒಂದೇ ಮಾತು: ‘ಮುಂದಿನ ಸಲ ಕಳ್ಳನನ್ನು ಹುಡುಕುವ ಮುಂಚೆ ಮನೆಗೆ ಫೋನ್ ಮಾಡಿ, ಪುವಾನ್.’ ಲಿಮ್ ಮುದುಕ ತನ್ನ ಹಣ ವಾಪಸ್ ಬಂದರೆ ಸಾಕು, ಈ ತಲೆನೋವು ಬೇಡ ಎಂದ. ಸಂಜಯ್‌ನೇ ಕೊಟ್ಟು ಬಿಡಿಸಿದ. ಎಂಜಿನ್ ಈಗ ನಮ್ಮ ಬಾಲ್ಕನಿಯಲ್ಲಿದೆ, ಅಕ್ಷಯಾ ಅದಕ್ಕೆ ತನ್ನ ಹಳೆ ರೈನ್‌ಕೋಟು ಹೊದಿಸಿದ್ದಾಳೆ.

ಆಮೇಲೆ ಉಳಿದದ್ದು ಮುನಿಯಾಂಡಿ. ಭಾನುವಾರ ಬೆಳಿಗ್ಗೆ ದೋಣಿಯವರೆಲ್ಲ ಜೆಟ್ಟಿಯಲ್ಲಿ ಸೇರುವ ಹೊತ್ತಿಗೆ ಸಂಜಯ್‌ನನ್ನು ಕರೆದುಕೊಂಡು ಹೋಗಿ, ‘ಎಂಜಿನ್ ತೆಗೆದದ್ದು ನಾನು, ಮುನಿಯಾಂಡಿ ಹೇಳಿದ್ದೆಲ್ಲ ನಿಜ’ ಎಂದು ಅವನ ಬಾಯಿಂದಲೇ ಹೇಳಿಸಿದೆ. ನಾನು ಕನಿಕರಪಡಲಿಲ್ಲ. ಪೊಲೀಸರಿಗೆ ಹೆಸರು ಕೊಟ್ಟದ್ದು ನಾನು ಎಂದು ನಾನೂ ಹೇಳಿದೆ. ದೋಣಿಯವರು ತಮ್ಮತಮ್ಮಲ್ಲಿ ಗುಸುಗುಸು ಮಾಡಿಕೊಂಡು ‘ಸರಿ, ಅವನು ಬರಲಿ’ ಎಂದರು. ಅಲ್ಲಿಂದ ಅವನ ಮನೆಗೆ ಹೋದೆ. ಅವನ ಹೆಂಡತಿ ಬಾಗಿಲು ಅರ್ಧ ತೆರೆದು ನಿಂತಳು, ಒಳಗೆ ಬಾ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ. ಮಗಳು ಮೂಲೆಯಲ್ಲಿ ಅದೇ ಫೋನಿನಲ್ಲಿ ಪಾಠ ಕೇಳುತ್ತಿದ್ದಳು. ಅದನ್ನು ಇಲ್ಲಿಯ ದೇವಸ್ಥಾನದ ಸಂಘದವರು ಶಾಲೆಯ ಮಕ್ಕಳಿಗೆ ಹಂಚಿದ್ದಂತೆ, ಅದರ ಬೆನ್ನಿಗೆ ಸಂಘದ ಚೀಟಿ ಅಂಟಿಸಿದ್ದೇ ಕಾಣುತ್ತಿತ್ತು. ಮುನಿಯಾಂಡಿ ಹೊರಗೆ ಬಂದ. ನಾನು ನನ್ನ ಹರಕು ತಮಿಳಿನಲ್ಲಿ ಕ್ಷಮೆ ಕೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಕೋಪ ಮಾಡಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ. ‘ನಾನ್ ಉಳ್ಳೆ ಇರುಂದಪ್ಪೊ ಅಣ್ಣನುಕ್ಕು ತೆರಿಯುಮಾ, ಅಮ್ಮಾ?’ ತಾನು ಪೊಲೀಸರ ಹತ್ತಿರ ಒಳಗಿದ್ದಾಗ ಅಣ್ಣನಿಗೆ ಗೊತ್ತಿತ್ತೇ ಎಂದು. ಅಣ್ಣ ಎಂದರೆ ನೀವು. ದೋಣಿಯಲ್ಲಿ ನಿಮ್ಮ ಪಕ್ಕ ಕೂತು ನಿಮ್ಮ ಬಂಗುಡೆ ಸಾರು ಉಂಡವನು ಅವನು. ನಾನು ಉತ್ತರ ಕೊಡದೆ ಬಂದೆ. ಗೊತ್ತಿರಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ, ಗೊತ್ತಿತ್ತು ಎನ್ನಲು ನಿಮ್ಮ ಹೆಂಡತಿಯಾಗಿ ಬಾಯಿ ಬರಲಿಲ್ಲ.

ಇಷ್ಟೇ ಸುದ್ದಿ. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ, ಕಣ್ಣಿಗೆ ಹೊಗೆ ತಾಗದ ಹಾಗೆ ನೋಡಿಕೊಳ್ಳಿ, ಒಲೆಯ ಹತ್ತಿರ ಬಿಡಬೇಡಿ. ಪುಟ್ಟಣ್ಣ ಭಾವ, ಅಕ್ಕ, ಮಕ್ಕಳಿಗೆಲ್ಲ ನೆನಪು. ಕಡಲಿಗೆ ಹೋಗುತ್ತಿದ್ದರೆ ಹೋಗಿ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಗಾಳಿ ಜೋರಿದ್ದರೆ ಮಾತ್ರ ಬೇಡ. ಮಹಾಲಕ್ಷ್ಮಿ ನಿಮ್ಮನ್ನು ಕಾಯಲಿ. ಅಕ್ಷಯಾ ಇಲ್ಲಿ ಕೆಳಗೆ ತನ್ನ ಹೆಸರನ್ನು ತಾನೇ ಕನ್ನಡದಲ್ಲಿ ಬರೆಯುತ್ತೇನೆ ಎನ್ನುತ್ತಿದ್ದಾಳೆ, ಜಾಗ ಬಿಟ್ಟಿದ್ದೇನೆ.

ನಿಮ್ಮ
ಗುಲಾಬಿ

ಅಕ್ಷಯಾ

ಮರೆತೆ: ಯಜ್ಞನಾರಾಯಣ ಮಾಸ್ಟ್ರು ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತಿದ್ದೇನೆ. ನೀವು ನನ್ನ ಪಾಸಿನ ಮೇಲೆ ಇಲ್ಲಿಗೆ ಬರಬಹುದಂತೆ, ಹೆಂಡತಿಯ ಕೆಲಸದ ಮೇಲೆ ಗಂಡ; ಕಾಲೇಜಿನವರು ಅರ್ಜಿಗೆ ಒಪ್ಪಿದ್ದಾರೆ. ನೀವು ಅದಕ್ಕೆ ಒಪ್ಪಲಾರಿರಿ ಎಂದು ಸಂಜಯ್ ಹೇಳಿದ. ನಾನು ನಿಮ್ಮನ್ನು ಕೇಳುತ್ತಿಲ್ಲ, ಬನ್ನಿ ಎನ್ನುತ್ತಿದ್ದೇನೆ. ಇಂಡಿಯಾದಿಂದ ಬರುವವರಿಗೆ ಬಾಗಿಲು ಯಾವಾಗ ಮುಚ್ಚುತ್ತಾರೋ ಗೊತ್ತಿಲ್ಲ, ತಡ ಮಾಡುವಂತಿಲ್ಲ. ಅರ್ಜಿ ತುಂಬಿಸಿ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಆದರೆ ಇನ್ನೂ ಕೊಟ್ಟಿಲ್ಲ. ಮೊದಲು ಮುನಿಯಾಂಡಿಗೆ ಫೋನ್ ಮಾಡಿ, ಅವನ ಪ್ರಶ್ನೆಗೆ ನೀವೇ ಉತ್ತರ ಕೊಡಿ. ನಿಜವಾದದ್ದನ್ನೇ ಕೊಡಿ. ನನಗೆ ಆಮೇಲೆ ಮಾಡಿದರೂ ಆಗುತ್ತದೆ. ನೀವು ಮಾತಾಡಿದಿರಿ ಎಂದು ಅವನು ನನಗೆ ಹೇಳಿದ ದಿನವೇ ಅರ್ಜಿ ಕೊಟ್ಟು ಬರುತ್ತೇನೆ. ಕೆಲಸಕ್ಕೆ ಅವನು ಇನ್ನೂ ಹೋಗಿಲ್ಲ, ದಿನವಿಡೀ ಮನೆಯಲ್ಲೇ ಇರುತ್ತಾನೆ.